ಸ್ಮಾರ್ಟ್‌ವಾಚ್ ವಾರಂಟಿ: ಜಾಬ್ ಶೀಟಿನ ಖಾಲಿ ಕಾಲಂ

ಮಾನ್ಯ ಸಂಪಾದಕರೇ,

ಹೊಸದಾಗಿ ಕೊಂಡ ಸ್ಮಾರ್ಟ್‌ವಾಚ್‌ನ ಪರದೆ ವಾರಂಟಿ ಅವಧಿಯೊಳಗೇ ಕೆಟ್ಟಾಗ, ಅದು ತಯಾರಿಕೆಯ ದೋಷವೋ ತೊಟ್ಟವರ ಅಜಾಗರೂಕತೆಯೋ ಎಂಬುದನ್ನು ಯಾರು, ಎಲ್ಲಿ, ಯಾರ ಎದುರಿಗೆ ತೀರ್ಮಾನಿಸಬೇಕು ಎಂಬ ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಆರೂವರೆ ಸಾವಿರ ರೂಪಾಯಿಯ ವಸ್ತುವಿಗೆ ಇಷ್ಟುದ್ದದ ಪತ್ರವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈಗ ತುಮಕೂರಿನ ಯಾವ ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದರೂ ಗಾಜಿನ ಕಪಾಟಿನ ತುಂಬ ಇವೇ ಗಡಿಯಾರಗಳು ಸಾಲುಗಟ್ಟಿರುತ್ತವೆ. ಕಾಲೇಜು ಹುಡುಗರಿಂದ ಹಿಡಿದು ಸಕ್ಕರೆ ಕಾಯಿಲೆಯ ದೆಸೆಯಿಂದ ಹೆಜ್ಜೆ ಎಣಿಸುತ್ತಿರುವ ನನ್ನಂಥ ವಯಸ್ಸಾದವರವರೆಗೆ ಅನೇಕರ ಮಣಿಕಟ್ಟಿನಲ್ಲಿ ಒಂದೊಂದು ಕುಳಿತಿದೆ. ಕೆಟ್ಟಾಗ ಮಾತ್ರ ನನಗೆ ಗೊತ್ತಿರುವ ಬಹುಮಂದಿ ಅದನ್ನು ಮೇಜಿನ ಡ್ರಾದೊಳಗೆ ಎಸೆದು ಸುಮ್ಮನಾಗುತ್ತಾರೆ. ಅಲೆದಾಟಕ್ಕಾಗುವ ಖರ್ಚು, ಹಾಳಾಗುವ ದಿನ ಇವನ್ನೆಲ್ಲ ಲೆಕ್ಕ ಹಾಕಿದರೆ ಹೊಸದನ್ನೇ ಕೊಳ್ಳುವುದು ಮೇಲೆಂದು ಅವರಿಗೆ ತೋರುತ್ತದೆ. ಅವರು ಹೀಗೆ ಸುಮ್ಮನಾಗುತ್ತಾರೆಂಬ ಧೈರ್ಯದ ಮೇಲೆಯೇ ಈ ವ್ಯಾಪಾರದ ಒಂದು ಭಾಗ ನಿಂತಿದೆಯೇನೋ ಎಂಬ ಸಂಶಯ ನನ್ನದು.

ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಸರಿಯಾಗಿ ಅರ್ಥವಾಗದು. ನಮ್ಮೂರಿನಲ್ಲಿ 1978ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದು ಸ್ವಯಂ ನಿವೃತ್ತಿ ಪಡೆದವನು ನಾನು. ಅದರಲ್ಲಿ ಹೆಚ್ಚಿನ ಕಾಲ ತಪಾಸಣೆಯ ಮೇಜಿನಲ್ಲೇ ಕಳೆಯಿತು. ಗಡಿಯಾರವನ್ನು ಮುಖ ಮೇಲಾಗಿ ಒಮ್ಮೆ, ಮುಖ ಕೆಳಗಾಗಿ ಒಮ್ಮೆ, ಅಡ್ಡ ನಿಲ್ಲಿಸಿ ಒಮ್ಮೆ ಪರೀಕ್ಷಿಸಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಲ್ಲಿ ಡಯಲು, ಮುಳ್ಳು, ಗಾಜು ಇವುಗಳನ್ನು ನೋಡುವುದು ನಮ್ಮ ಕೆಲಸವಾಗಿತ್ತು. ಒಂದು ಗಡಿಯಾರವನ್ನು ತಿರಸ್ಕರಿಸಿದರೆ ಏಕೆ ತಿರಸ್ಕರಿಸಿದೆ ಎಂಬುದನ್ನು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಆಮೇಲಷ್ಟೇ ಟ್ರೇಗೆ ಇಡಬೇಕಿತ್ತು. ಬರೀ ‘ಸರಿಯಿಲ್ಲ’ ಎಂದು ಬರೆದ ಚೀಟಿಯನ್ನು ನಮ್ಮ ಮೇಲ್ವಿಚಾರಕರು ಮುಖ ಕೂಡ ನೋಡದೆ ವಾಪಸು ತಳ್ಳುತ್ತಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು, ಇಲ್ಲಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಆ ದುಃಖ ಬೇರೆ, ಇಲ್ಲಿ ಬೇಡ. ಕಾರಣ ಬರೆಯದೆ ಯಾವುದನ್ನೂ ತಿರಸ್ಕರಿಸಬಾರದೆಂಬ ಆ ಅಭ್ಯಾಸ ಮಾತ್ರ ಮೈಗಂಟಿಕೊಂಡು ಉಳಿದಿದೆ.

ಕಳೆದ ದೀಪಾವಳಿಗೆ ಮಗಳು ನಗರದ ಅಂಗಡಿಯೊಂದರಲ್ಲಿ 6,499 ರೂಪಾಯಿ ಕೊಟ್ಟು ನನಗೊಂದು ಸ್ಮಾರ್ಟ್‌ವಾಚ್ ಕೊಡಿಸಿದಳು. 1.43 ಇಂಚಿನ ಅಮೊಲೆಡ್ ಪರದೆ, ಒಂದು ವರ್ಷದ ವಾರಂಟಿ, ಪೆಟ್ಟಿಗೆಯ ಮೇಲೆ ಈಜುತ್ತಿರುವ ಹುಡುಗನ ಚಿತ್ರ. ಬೆಳಗ್ಗೆ ಅಮಾನಿಕೆರೆಯ ದಡದಲ್ಲಿ ನಡೆಯುವಾಗ ಅದನ್ನು ಕಟ್ಟಿಕೊಂಡು ಹೋಗುತ್ತಿದ್ದೆ, ಸ್ನಾನಕ್ಕೆ ಮುಂಚೆ ತೆಗೆದಿಡುತ್ತಿದ್ದೆ. ಆರು ವಾರ ಯಾವ ತಕರಾರೂ ಇರಲಿಲ್ಲ. ಏಳನೆಯ ವಾರದಲ್ಲಿ ಒಂದು ದಿನ ಚಾರ್ಜರಿನಿಂದ ಬಿಡಿಸಿ ನೋಡಿದರೆ ಪರದೆಯ ಬಲಭಾಗದಲ್ಲಿ, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಕೂದಲೆಳೆಯಷ್ಟು ತೆಳ್ಳನೆಯ ಹಸಿರು ಗೆರೆಯೊಂದು ನಿಂತಿತ್ತು. ಹತ್ತು ಗಂಟೆ ಹನ್ನೊಂದು ನಿಮಿಷವಾದಾಗ ಕೊನೆಯ ಒಂದಂಕಿ ಆ ಗೆರೆಯೊಳಗೆ ಸೇರಿಹೋಗಿ 10:1 ಎಂದಷ್ಟೇ ಕಾಣುತ್ತಿತ್ತು. ನಾಲ್ಕು ದಿನ ಕಳೆಯುವುದರೊಳಗೆ ಪರದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಬೆರಳಿನ ಸ್ಪರ್ಶವೇ ತಿಳಿಯದಾಯಿತು. ಮುಂಜಾನೆ ಐದಕ್ಕೆ ಹೊಡೆದುಕೊಳ್ಳುವ ಅಲಾರಂ ನಿಲ್ಲಿಸುವ ಗುಂಡಿ ಇದ್ದುದು ಆ ಭಾಗದಲ್ಲೇ ಆದ್ದರಿಂದ ಮನೆಮಂದಿಗೆಲ್ಲ ಈ ದೋಷ ಬೇಗ ಪರಿಚಯವಾಯಿತು. ಹಳೆಯ ಭೂತಗನ್ನಡಿಯನ್ನು ಹುಡುಕಿ ತೆಗೆದು ಗಾಜನ್ನು ಅಂಚಿನುದ್ದಕ್ಕೂ ನೋಡಿದೆ. ಬಿರುಕಿಲ್ಲ, ಚುಕ್ಕೆ ಪೆಟ್ಟಿಲ್ಲ, ಅಂಗಡಿಯವರೇ ಅಂಟಿಸಿಕೊಟ್ಟ ಸ್ಕ್ರೀನ್ ಗಾರ್ಡ್ ಕೂಡ ಮೂಲೆ ಎದ್ದಿರಲಿಲ್ಲ.

ಅಂಗಡಿಯವರು ಮರ್ಯಾದೆಯಿಂದಲೇ ಮಾತನಾಡಿದರು. “ಏಳು ದಿನದೊಳಗೆ ಬಂದಿದ್ರೆ ನಾವೇ ಬದಲಾಯಿಸಿ ಕೊಡ್ತಿದ್ವಿ ಸರ್, ಈಗ ನಮ್ಮ ಕೈಲಿ ಏನೂ ಇಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಿ” ಎಂದರು. ನಮ್ಮೂರಿನಲ್ಲಿರುವುದು ಹೆಸರಿಗೆ ಸರ್ವಿಸ್ ಸೆಂಟರ್. ಅಲ್ಲಿ ವಸ್ತುವನ್ನು ತೆಗೆದುಕೊಂಡು ಚೀಟಿ ಕೊಡುತ್ತಾರೆ, ಬಿಚ್ಚುವುದೂ ನೋಡುವುದೂ ಬೆಂಗಳೂರಿನಲ್ಲಿ. ಕೌಂಟರಿನಲ್ಲಿದ್ದ ಹುಡುಗ ಬಿಲ್ಲಿನ ಜೆರಾಕ್ಸ್ ತೆಗೆದುಕೊಂಡು, ಗಡಿಯಾರದ ಬೆನ್ನಿನ ಸೀರಿಯಲ್ ನಂಬರ್ ಬರೆದುಕೊಂಡು, ವಸ್ತು ಪಡೆದ ವಿವರ ಬರೆಯುವ ಜಾಬ್ ಶೀಟಿಗೆ ನನ್ನ ಸಹಿ ಹಾಕಿಸಿಕೊಂಡು, ಗಡಿಯಾರವನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಹಾಕಿ ಅದೇ ರೀತಿಯ ಹತ್ತಾರು ಕವರುಗಳಿದ್ದ ಡಬ್ಬಕ್ಕೆ ಬಿಟ್ಟ. ಅದು ಬಿದ್ದ ಸದ್ದು ನನಗೆ ಇಷ್ಟವಾಗಲಿಲ್ಲ. ಆದರೂ ಸುಮ್ಮನೆ ಬಂದೆ.

ಹದಿನಾರನೆಯ ದಿನ ಮೊಬೈಲಿಗೆ ಸಂದೇಶ ಬಂತು: ಫಿಸಿಕಲ್ ಡ್ಯಾಮೇಜ್ ಕಂಡುಬಂದಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ, ಪರದೆ ಬದಲಾವಣೆಗೆ 3,850 ರೂಪಾಯಿ, ಒಪ್ಪದಿದ್ದರೆ ವಸ್ತುವನ್ನು ಇದ್ದ ಹಾಗೆಯೇ ಹಿಂತಿರುಗಿಸಲಾಗುವುದು. ಜೊತೆಗೊಂದು ಫೋಟೊ. ಅದರಲ್ಲಿ ಗಾಜಿನ ಎಡ ಅಂಚಿನಲ್ಲಿ ಉಗುರಿನ ಅರ್ಧದಷ್ಟು ಉದ್ದದ ಬಿರುಕಿತ್ತು. ಗೆರೆ ಬಂದದ್ದು ಬಲಕ್ಕೆ, ಸ್ಪರ್ಶ ಸತ್ತದ್ದು ಕೆಳಗೆ, ಬಿರುಕು ಇದ್ದುದು ಎಡಕ್ಕೆ. ಕೌಂಟರಿಗೆ ಹೋಗಿ ಕೇಳಿದರೆ ಆ ಹುಡುಗ, “ಅಂಕಲ್, ಗ್ಲಾಸ್ ಹೋಗಿದ್ರೆ ವಾರಂಟಿ ಬರಲ್ಲ, ಸಿಸ್ಟಂನಲ್ಲಿ ಕ್ಲೋಸ್ ಆಗ್ಬಿಟ್ಟಿದೆ” ಎಂದ. ನಾನು ಕೊಟ್ಟಾಗ ಈ ಬಿರುಕು ಇತ್ತೇ ಎಂದು ಕೇಳಿದೆ. ಅವನು ಜಾಬ್ ಶೀಟ್ ತೆಗೆದು ನೋಡಿದ, ನಾನೂ ನೋಡಿದೆ. ‘ಸ್ವೀಕರಿಸಿದಾಗ ವಸ್ತುವಿನ ಸ್ಥಿತಿ’ ಎಂಬ ಕಾಲಂ ಖಾಲಿಯಾಗಿತ್ತು. ಅದರ ಕೆಳಗೇ ನನ್ನ ಸಹಿ ಇತ್ತು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನನ್ನ ಪಾಲಿಗೆ ಅಂದು ಅಕ್ಷರಶಃ ನಿಜವಾಯಿತು. ಬಿರುಕು ನನ್ನ ಮನೆಯಲ್ಲಿ ಬಿದ್ದಿತೋ, ಡಬ್ಬದೊಳಗೆ ಬಿದ್ದಿತೋ, ಬೆಂಗಳೂರಿನ ದಾರಿಯಲ್ಲಿ ಬಿದ್ದಿತೋ, ಬಿಚ್ಚುವವರ ಕೈಯಲ್ಲಿ ಬಿದ್ದಿತೋ ಎಂದು ಹೇಳಲು ಯಾವ ಕಾಗದವೂ ಇಲ್ಲ. ಕಾಗದವಿಲ್ಲದಾಗ ನಷ್ಟ ಯಾರ ತಲೆಗೆ ಬರಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಈಗಿನ ಪದ್ಧತಿಯಲ್ಲಿ ಅದು ಪ್ರತಿಸಲವೂ ಗ್ರಾಹಕನ ತಲೆಗೇ ಬರುತ್ತದೆ.

ಪರದೆ ಕೆಡುವ ಬಗೆಗಳನ್ನು ತಿಳಿದವರಿಗೆ ಈ ಗೊಂದಲ ಇಷ್ಟು ದೊಡ್ಡದಾಗಬೇಕಿಲ್ಲ ಎಂಬುದೂ ಗೊತ್ತಾಗುತ್ತದೆ. ಅಮೊಲೆಡ್ ಪರದೆಯಲ್ಲಿ ಹಿಂದಿನಿಂದ ಬೆಳಕು ಬಿಡುವ ದೀಪವಿರುವುದಿಲ್ಲ. ಒಂದೊಂದು ಬಿಂದುವೂ (ಪಿಕ್ಸೆಲ್) ತಾನೇ ಬೆಳಗುತ್ತದೆ. ಆ ಬಿಂದುಗಳ ಸಾಲುಗಳಿಗೆ ಸಂಕೇತ ಒಯ್ಯುವ ತಂತುಗಳು ಪರದೆಯ ಅಂಚಿನಲ್ಲಿ ತೆಳ್ಳನೆಯ ಪಟ್ಟಿಯೊಂದಕ್ಕೆ ಬೆಸೆದುಕೊಂಡಿರುತ್ತವೆ. ಆ ಬೆಸುಗೆ ಒಂದೆಡೆ ಸಡಿಲವಾದರೆ ಇಡೀ ಸಾಲು ಒಂದೇ ಬಣ್ಣದಲ್ಲಿ ಉರಿಯತೊಡಗುತ್ತದೆ ಅಥವಾ ಆರಿಹೋಗುತ್ತದೆ. ಅಂಚಿನಿಂದ ಅಂಚಿಗೆ ನೇರವಾಗಿ, ಅಡಿಗೋಲಿಟ್ಟು ಎಳೆದಂತೆ ಕಾಣುವ ಗೆರೆ ಸಾಮಾನ್ಯವಾಗಿ ಹುಟ್ಟುವುದು ಹೀಗೆ. ಪೆಟ್ಟಿನಿಂದಾದ ಹಾನಿಯ ಚಹರೆ ಬೇರೆ. ಪೆಟ್ಟು ಬಿದ್ದ ಜಾಗ ನಡುವಾಗಿ ಗೆರೆಗಳು ಕವಲೊಡೆಯುತ್ತವೆ, ಮಸಿ ಚೆಲ್ಲಿದಂತೆ ಕಪ್ಪು ಕಲೆ ಅಲ್ಲಿಂದ ಹರಡುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಪೆಟ್ಟಿನ ಗುರುತು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಮೂರನೆಯದೊಂದು ಬಗೆಯೂ ಇದೆ: ಈ ಪರದೆಯೊಳಗಿನ ಸಾವಯವ ವಸ್ತುವಿಗೆ ತೇವವೂ ಗಾಳಿಯ ಆಮ್ಲಜನಕವೂ ಆಗದು, ಆದ್ದರಿಂದ ಅದನ್ನು ಬಿಗಿಯಾಗಿ ಮುಚ್ಚಿರುತ್ತಾರೆ, ಆ ಮುಚ್ಚಿಗೆಯಲ್ಲಿ ಕೊರತೆ ಇದ್ದರೆ ಕಪ್ಪು ಚುಕ್ಕೆಗಳು ಹುಟ್ಟಿ ದಿನೇ ದಿನೇ ಬೆಳೆಯುತ್ತವೆ. ಬ್ಯಾಟರಿ ಉಬ್ಬಿ ಪರದೆಯನ್ನು ಒಳಗಿನಿಂದ ಎತ್ತುವುದೂ ಉಂಟು. ಆಗ ಗಾಜು ಅಂಚಿನಲ್ಲಿ ಬಾಯಿ ಬಿಡುತ್ತದೆ. ಇವೆಲ್ಲವುಗಳ ನಡುವಿನ ವ್ಯತ್ಯಾಸ ತಿಳಿಯಲು ಹತ್ತು ನಿಮಿಷವೂ ಒಂದು ಭೂತಗನ್ನಡಿಯೂ ಪ್ರಾಮಾಣಿಕ ಕಣ್ಣೂ ಇದ್ದರೆ ಬಹುತೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ.

ಬಿಚ್ಚುವ ಕ್ರಮದ ಬಗ್ಗೆಯೂ ಹೇಳಬೇಕು. ನಾವು ತಯಾರಿಸುತ್ತಿದ್ದ ಗಡಿಯಾರಗಳಿಗೆ ಹಿಂಬದಿಯ ಮುಚ್ಚಳವಿರುತ್ತಿತ್ತು, ಅದನ್ನು ತೆಗೆದರೆ ಒಳಗಿನದೆಲ್ಲ ಕಾಣುತ್ತಿತ್ತು, ಮುಂದಿನ ಗಾಜಿಗೆ ಯಾರೂ ಕೈ ಹಚ್ಚಬೇಕಿರಲಿಲ್ಲ. ಇಂದಿನ ಅನೇಕ ಸ್ಮಾರ್ಟ್‌ವಾಚ್‌ಗಳಲ್ಲಿ ಪರದೆಯನ್ನು ಚೌಕಟ್ಟಿಗೆ ಅಂಟಿನಿಂದ ಕೂರಿಸಿರುತ್ತಾರೆ. ಒಳಗೆ ಹೋಗಬೇಕಾದರೆ ಶಾಖ ಕೊಟ್ಟು ಅಂಟನ್ನು ಮೆತ್ತಗೆ ಮಾಡಿ, ತೆಳ್ಳನೆಯ ಅಲಗನ್ನು ಗಾಜಿನ ಅಂಚಿಗೆ ತೂರಿಸಿ ಎಬ್ಬಬೇಕು. ಕೈ ಸ್ವಲ್ಪ ತಪ್ಪಿದರೂ ಗಾಜು ಬಿರಿಯುವುದು ಆ ಅಂಚಿನಲ್ಲೇ. ನನ್ನ ಗಡಿಯಾರದ ಬಿರುಕು ಹಾಗೆಯೇ ಆಯಿತೆಂದು ನಾನು ಆರೋಪಿಸುತ್ತಿಲ್ಲ, ಆರೋಪಿಸಲು ನನ್ನ ಬಳಿ ಸಾಕ್ಷ್ಯವೂ ಇಲ್ಲ. ಬಿಚ್ಚುವ ಮುನ್ನ ಒಂದು ಫೋಟೊ, ಬಿಚ್ಚಿದ ನಂತರ ಒಂದು ಫೋಟೊ ತೆಗೆದಿಟ್ಟಿದ್ದರೆ ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ. ನನಗೆ ಬಂದ ಫೋಟೊದಲ್ಲಿ ಅದನ್ನು ತೆಗೆದ ದಿನವೂ ಇರಲಿಲ್ಲ, ನನ್ನ ಗಡಿಯಾರವೇ ಅದೆಂದು ಗುರುತಿಸಲು ಸೀರಿಯಲ್ ನಂಬರೂ ಕಾಣುತ್ತಿರಲಿಲ್ಲ.

ನೀರಿನ ವಿಷಯ ಇದಕ್ಕಿಂತ ವಿಚಿತ್ರ. ಪೆಟ್ಟಿಗೆಯ ಮೇಲೆ ಈಜುಗಾರನ ಚಿತ್ರ ಹಾಕಿ, ನೀರು ತಡೆಯುವ ಮಟ್ಟವನ್ನು ಐಪಿ68 ಎಂದೋ 5 ಎಟಿಎಂ ಎಂದೋ ದಪ್ಪಕ್ಷರದಲ್ಲಿ ಮುದ್ರಿಸಿ, ಒಳಗಿನ ಚೀಟಿಯ ಸಣ್ಣಕ್ಷರದಲ್ಲಿ ದ್ರವದಿಂದಾದ ಹಾನಿ ವಾರಂಟಿಗೆ ಒಳಪಡದು ಎಂದು ಬರೆಯುವುದನ್ನು ಏನೆಂದು ಕರೆಯಬೇಕೋ ತಿಳಿಯದು. ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ನಿಂತ ನೀರಿನಲ್ಲಿ; 5 ಎಟಿಎಂ ಎಂದರೆ 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡಕ್ಕೆ ಸಮನಾದ ಒತ್ತಡ. ಬಿಸಿನೀರಿನ ಹಬೆ, ಸೋಪಿನ ನೊರೆ ಇವು ಆ ಅಂಕಿಗಳ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ‘ವಾಟರ್‌ಪ್ರೂಫ್ ಸರ್’ ಎಂಬ ಎರಡೇ ಪದದಲ್ಲಿ ಮುಗಿಸುತ್ತಾರೆ. ಹಿಂಬದಿಯಲ್ಲಿರುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿಯನ್ನು ತೋರಿಸಿ ಗುಣಮಟ್ಟದ ಮಾತಾಡುವವರೂ ಇದ್ದಾರೆ. ಸ್ಮಾರ್ಟ್‌ವಾಚ್‌ಗಳಿಗೆ ಆ ನೋಂದಣಿ ಕಡ್ಡಾಯವಿರುವುದು ವಿದ್ಯುತ್ ಸುರಕ್ಷತೆಯ ದೃಷ್ಟಿಯಿಂದ, ಪರದೆ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆಟ್ಟ ಬಿಂದುಗಳ ಬಗ್ಗೆ ಒಂದು ಸಣ್ಣ ಲೆಕ್ಕ. ನನ್ನ ಪಕ್ಕದ ಬೀದಿಯ ಯುವಕನೊಬ್ಬನ ಗಡಿಯಾರದಲ್ಲಿ ಎರಡು ಬಿಂದುಗಳು ಸದಾ ಬಿಳಿಯಾಗಿ ಉರಿಯುತ್ತಿದ್ದವು. ಅಷ್ಟು ದೋಷ ಇರಬಹುದಾದ ಮಿತಿಯೊಳಗಿದೆ ಎಂದು ಅವನಿಗೆ ಹೇಳಿ ಕಳಿಸಿದರಂತೆ. ಇಂಥ ಮಿತಿಗಳಿಗೆ ಆಧಾರವಾಗಿ ಹೇಳುವ ಐಎಸ್‌ಒ 9241-307 ಎಂಬ ಅಂತಾರಾಷ್ಟ್ರೀಯ ಮಾನದಂಡ ದೋಷಗಳನ್ನು ಎಣಿಸುವುದು ಪ್ರತಿ ಹತ್ತು ಲಕ್ಷ ಬಿಂದುಗಳಿಗೆ. 466ಕ್ಕೆ 466ರಂತೆ ಇರುವ ಗಡಿಯಾರದ ಪರದೆಯಲ್ಲಿ ಇರುವುದೇ 2,17,156 ಬಿಂದು, ಹತ್ತು ಲಕ್ಷದ ಕಾಲುಭಾಗಕ್ಕೂ ಕಡಿಮೆ. ಮೇಜಿನ ಮೇಲಿನ ದೊಡ್ಡ ಮಾನಿಟರಿಗೆ ಹಾಕಿದ ಅಳತೆಯ ಅಂಗಿಯನ್ನು ಮಣಿಕಟ್ಟಿನ ಗಡಿಯಾರಕ್ಕೂ ತೊಡಿಸಲು ಹೊರಟರೆ ಹೀಗೆಯೇ ಆಗುತ್ತದೆ.

ಇನ್ನು ಕಾನೂನು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೊಯಿಡಾದಲ್ಲಿದ್ದರೂ ತುಮಕೂರಿನವರು ಅಲ್ಲಿಗೆ ಓಡಬೇಕಿಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಿದರಾಯಿತು. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ಅನುಕೂಲವೂ ಬಂದಿದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲವಾದರೆ ಮೂವತ್ತು ದಿನದೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ, ಬಿಲ್ ಕೊಡದಿರುವುದನ್ನೂ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಆನ್‌ಲೈನ್‌ನಲ್ಲಿ ಕೊಂಡವರಿಗೆ 2020ರ ಇ-ವಾಣಿಜ್ಯ ನಿಯಮಗಳ ಆಸರೆಯೂ ಇದೆ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಓದಲು ಇವೆಲ್ಲ ಚೆನ್ನಾಗಿವೆ. ಆದರೆ ದೋಷವನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕೆಂದಾದರೆ ಅದರ ಶುಲ್ಕವನ್ನು ಮೊದಲು ದೂರುದಾರನಿಂದಲೇ ಕಟ್ಟಿಸಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ, ತೀರ್ಪಿನ ಗಡುವೂ ಮೂರು ತಿಂಗಳಿಂದ ಐದು ತಿಂಗಳಿಗೆ ಹೋಗುತ್ತದೆ. ಆರೂವರೆ ಸಾವಿರದ ಗಡಿಯಾರಕ್ಕಾಗಿ ಅಷ್ಟು ದೂರ ಎಷ್ಟು ಜನ ನಡೆದಾರು?

ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ, ಕನ್ನಡದಲ್ಲೇ ಮಾತನಾಡಿದರು, ದೂರಿಗೊಂದು ಸಂಖ್ಯೆ ಕೊಟ್ಟರು. ಖಾಲಿ ಕಾಲಂ ಇರುವ ಜಾಬ್ ಶೀಟು, ಗೆರೆ ಬಂದ ದಿನವೇ ಮಗಳು ತೆಗೆದಿದ್ದ ಫೋಟೊ, ಬಿಲ್ಲು ಇಷ್ಟನ್ನೂ ಅವಳೇ ಜೋಡಿಸಿ ಕಳಿಸಿದಳು. ಆ ಫೋಟೊದಲ್ಲಿ ಎಡ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು, ಅಲ್ಲಿ ಬಿರುಕಿರಲಿಲ್ಲ. ಹನ್ನೆರಡು ದಿನಗಳ ನಂತರ ಕಂಪನಿಯಿಂದ ಕರೆ ಬಂತು. ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಗಡಿಯಾರವನ್ನೇ ಬದಲಾಯಿಸಿ ಕೊಡುವುದಾಗಿ ಹೇಳಿದರು, ಕೊಟ್ಟರು ಕೂಡ. ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಅವರ ಪತ್ರದಲ್ಲಿ ಬಿರುಕಿನ ಮಾತೇ ಇರಲಿಲ್ಲ. ಹದಿನಾರು ದಿನ ಕಾಯಿಸಿ ವಾರಂಟಿಯನ್ನೇ ನುಂಗಿದ್ದ ಬಿರುಕು ಎಲ್ಲಿ ಹೋಯಿತು? ತಪ್ಪು ನನ್ನದಾಗಿದ್ದರೆ ಬದಲಾಯಿಸಿ ಕೊಡಬೇಕಾಗಿರಲಿಲ್ಲ. ನನ್ನದಲ್ಲದಿದ್ದರೆ ಅದನ್ನು ಔದಾರ್ಯವೆಂದು ಕರೆಯಬೇಕಾಗಿರಲಿಲ್ಲ. ಮಗಳ ಬಳಿ ಆ ಫೋಟೊ ಇಲ್ಲದಿದ್ದರೆ, ಅವಳಿಗೆ ಅದನ್ನೆಲ್ಲ ಅಪ್‌ಲೋಡ್ ಮಾಡಲು ಬಾರದಿದ್ದರೆ ನಾನೂ ಗಡಿಯಾರವನ್ನು ಡ್ರಾದೊಳಗೆ ಹಾಕಿ ಸುಮ್ಮನಾಗುವವರ ಸಾಲಿಗೆ ಸೇರುತ್ತಿದ್ದೆ.

ಪರದೆಯ ದೋಷವನ್ನು ಒಪ್ಪಿಕೊಂಡರೆ ಕಂಪನಿ ಮುಳುಗಿಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆ್ಯಪಲ್ ಕಂಪನಿ 2019ರಲ್ಲಿ, ತನ್ನ ಸೀರೀಸ್ 2 ಮತ್ತು ಸೀರೀಸ್ 3ರ ಅಲ್ಯುಮಿನಿಯಂ ಗಡಿಯಾರಗಳಲ್ಲಿ ಗಾಜಿನ ದುಂಡಂಚಿನುದ್ದಕ್ಕೆ ಅಪರೂಪವಾಗಿ ಬಿರುಕು ಬೀಳುತ್ತಿರುವುದನ್ನು ತಾನೇ ಪ್ರಕಟಿಸಿ ಅಂಥವುಗಳ ಪರದೆಯನ್ನು ಉಚಿತವಾಗಿ ಬದಲಾಯಿಸುವ ಕಾರ್ಯಕ್ರಮ ಹಾಕಿಕೊಂಡಿತು. ಬಿರುಕೆಂದರೆ ಬಳಸಿದವನ ತಪ್ಪೇ ಎಂದು ಕಣ್ಣು ಮುಚ್ಚಿ ಹೇಳುವವರು ಇದನ್ನು ನೆನಪಿಡಬೇಕು. ಮೊಬೈಲುಗಳಲ್ಲಿ ಹಸಿರು ಗೆರೆಯ ದೂರುಗಳು ಹೆಚ್ಚಿದಾಗ ಒನ್‌ಪ್ಲಸ್ 2024ರಲ್ಲಿ ಭಾರತದ ಗ್ರಾಹಕರಿಗೆ ಆ ದೋಷಕ್ಕಷ್ಟೇ ಸೀಮಿತವಾದ ಜೀವಮಾನದ ವಾರಂಟಿ ಘೋಷಿಸಿತು. ಯುರೋಪಿನ ಒಕ್ಕೂಟದಲ್ಲಂತೂ ಇದು ಕಂಪನಿಯ ಮರ್ಜಿಗೆ ಬಿಟ್ಟ ವಿಷಯವೇ ಅಲ್ಲ. ಅಲ್ಲಿ ಹೊಸ ವಸ್ತುವಿಗೆ ಎರಡು ವರ್ಷದ ಕಾನೂನುಬದ್ಧ ಹೊಣೆ ಮಾರಾಟಗಾರನ ಮೇಲಿದೆ. ಕೈಸೇರಿದ ಮೊದಲ ಒಂದು ವರ್ಷದಲ್ಲಿ ಕಾಣಿಸಿಕೊಂಡ ದೋಷ ಮಾರಿದಾಗಲೇ ಇತ್ತೆಂದು ಭಾವಿಸಬೇಕು, ಹಾಗಲ್ಲವೆಂದು ರುಜುವಾತು ಮಾಡುವ ಭಾರ ಮಾರಿದವನದು. ನಮ್ಮಲ್ಲಿ ಅದಕ್ಕೆ ತೀರ ತದ್ವಿರುದ್ಧ: ಮಾರಿದವರು ಮೊಬೈಲಿಗೆ ಒಂದು ಸಾಲಿನ ಸಂದೇಶ ಕಳಿಸಿದರೆ ಸಾಕು, ತಾನು ಬೀಳಿಸಿಲ್ಲವೆಂದು ರುಜುವಾತು ಮಾಡುವ ಭಾರ ಮುದುಕನ ಮೇಲೆ ಬೀಳುತ್ತದೆ.

ಅಂಗಡಿಗಳವರ ಪಾಲೂ ಇದರಲ್ಲಿದೆ. ಜಿಎಸ್‌ಟಿ ಬಿಲ್ ಕೇಳಿದರೆ ಬೆಲೆ ಹೆಚ್ಚಾಗುತ್ತದೆ ಎಂದು ಹೆದರಿಸಿ ಎಸ್ಟಿಮೇಟ್ ಚೀಟಿ ಕೊಟ್ಟು ಕಳಿಸುವುದು ಇನ್ನೂ ನಿಂತಿಲ್ಲ; ಆ ಚೀಟಿಯನ್ನು ಹಿಡಿದು ಹೋದವರಿಗೆ ಸರ್ವಿಸ್ ಸೆಂಟರಿನ ಬಾಗಿಲೇ ತೆರೆಯುವುದಿಲ್ಲ. ಸರಿಯಾದ ಬಿಲ್ ಕೊಟ್ಟಾಗಲೂ ಅದು ಬಹಳಷ್ಟು ಕಡೆ ಬಸ್ ಟಿಕೆಟಿನಂಥ ಥರ್ಮಲ್ ಕಾಗದದ ಮೇಲಿರುತ್ತದೆ. ಮೂರ್ನಾಲ್ಕು ತಿಂಗಳಲ್ಲಿ ಅಕ್ಷರಗಳು ಮಾಸಿ, ಬೀರುವಿನ ಬಿಸಿಗೆ ಕಾಗದ ಬರಿದಾಗುತ್ತದೆ. ವಾರಂಟಿ ಹನ್ನೆರಡು ತಿಂಗಳು, ಬಿಲ್ಲಿನ ಆಯುಷ್ಯ ನಾಲ್ಕು ತಿಂಗಳು. ಕೊಂಡ ದಿನವೇ ಅದರ ಜೆರಾಕ್ಸ್ ತೆಗೆಸಿಡುವುದು, ಬೆನ್ನ ಮೇಲೆ ಸಾಸಿವೆಕಾಳಿನಷ್ಟು ಚಿಕ್ಕದಾಗಿ ಕೊರೆದಿರುವ ಸೀರಿಯಲ್ ನಂಬರಿನ ಫೋಟೊ ಹಿಡಿದಿಡುವುದು ಒಳ್ಳೆಯದು. ಬೆವರಿಗೆ ಅದೂ ಅಳಿಸಿಹೋಗುತ್ತದೆ. ಗ್ಯಾರಂಟಿ ಬೇರೆ ವಾರಂಟಿ ಬೇರೆ ಎಂದು ಅಂಗಡಿಯವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ, ಮೊದಲನೆಯದರಲ್ಲಿ ವಸ್ತು ಬದಲಾಗುತ್ತದೆ, ಎರಡನೆಯದರಲ್ಲಿ ರಿಪೇರಿಯಾಗುತ್ತದೆ ಎಂಬುದು ಅವರ ವಿವರಣೆ. ನಮ್ಮ ರಾಜ್ಯದಲ್ಲಿ 2023ರಿಂದೀಚೆಗೆ ಗ್ಯಾರಂಟಿ ಎಂದರೆ ಜನರ ಮನಸ್ಸಿಗೆ ಬರುವುದು ಬೇರೆಯೇ ಆಗಿರುವುದರಿಂದ ಆ ಚರ್ಚೆಯನ್ನು ಬಿಟ್ಟುಬಿಡುತ್ತೇನೆ.

ಬದಲಾಯಿಸಿ ಕೊಟ್ಟ ಗಡಿಯಾರಕ್ಕೆ ಹೊಸ ವಾರಂಟಿ ಇಲ್ಲ, ಹಳೆಯದರಲ್ಲಿ ಉಳಿದ ದಿನಗಳಷ್ಟೇ ಎಂದು ನನಗೆ ತಿಳಿಸಿದ್ದಾರೆ. ಸರ್ವಿಸ್ ಸೆಂಟರಿನಲ್ಲಿ ಕೊಳೆತ ದಿನಗಳೂ ಆ ಲೆಕ್ಕದಲ್ಲಿ ಕಳೆದುಹೋಗಿವೆ. ಕೆಲವು ಕಂಪನಿಗಳು ಬದಲಿಸಿದ ವಸ್ತುವಿಗೆ 90 ದಿನ ಅಥವಾ ಉಳಿದ ಅವಧಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕೊಡುತ್ತವೆ. ಎಲ್ಲರೂ ಕೊಡಲು ಅಡ್ಡಿಯೇನು?

ಆದ್ದರಿಂದ ಗ್ರಾಹಕರ ವ್ಯವಹಾರಗಳನ್ನು ನೋಡಿಕೊಳ್ಳುವ ಕೇಂದ್ರ ಮತ್ತು ರಾಜ್ಯದ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ವಾರಂಟಿಯೊಳಗಿನ ವಸ್ತುವನ್ನು ಸ್ವೀಕರಿಸುವಾಗ ಅದರ ಸ್ಥಿತಿಯನ್ನು ಗ್ರಾಹಕನ ಎದುರಿಗೇ ಬರೆದು, ಮುಂದಿನಿಂದಲೂ ಅಂಚುಗಳಿಂದಲೂ ಫೋಟೊ ತೆಗೆದು, ಅದರ ಒಂದು ಪ್ರತಿಯನ್ನು ಅವನ ಕೈಗೆ ಕೊಡುವುದನ್ನು ಕಡ್ಡಾಯ ಮಾಡಬೇಕು; ಹಾಗೆ ಬರೆಯದೆ ತೆಗೆದುಕೊಂಡ ವಸ್ತುವಿನಲ್ಲಿ ಆಮೇಲೆ ಕಂಡ ಬಿರುಕಿನ ಹೊಣೆಯನ್ನು ತೆಗೆದುಕೊಂಡವರೇ ಹೊರಬೇಕು. ವಾರಂಟಿ ನಿರಾಕರಿಸುವಾಗ ಯಾವ ಪರೀಕ್ಷೆ ಮಾಡಿದೆವು, ಏನು ಕಂಡಿತು, ಕಂಡ ಹಾನಿಗೂ ಗ್ರಾಹಕ ಹೇಳಿದ ದೋಷಕ್ಕೂ ಏನು ಸಂಬಂಧ ಎಂಬುದನ್ನು ಪರಿಶೀಲಿಸಿದವರ ಸಹಿಯೊಂದಿಗೆ, ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಎಡಕ್ಕಿರುವ ಬಿರುಕು ಬಲಕ್ಕಿರುವ ಗೆರೆಗೆ ಹೇಗೆ ಕಾರಣವಾಯಿತೆಂದು ಬರೆಯಲು ಕುಳಿತಿದ್ದರೆ ನನ್ನ ಗಡಿಯಾರವನ್ನು ತಿರಸ್ಕರಿಸಿದವರಿಗೂ ಪೆನ್ನು ಓಡುತ್ತಿರಲಿಲ್ಲ. ರಿಪೇರಿಯ ಹಕ್ಕಿನ ಜಾಲತಾಣವನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಆರಂಭಿಸಿತು, ಯಾವ ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬ ಸೂಚ್ಯಂಕ ರೂಪಿಸಲು 2024ರಲ್ಲಿ ಸಮಿತಿಯನ್ನೂ ಮಾಡಿತು. ಆ ಪ್ರಯತ್ನದಲ್ಲಿ ಅಂಟು ಹಾಕಿ ಮುಚ್ಚಿದ ಈ ಚಿಕ್ಕ ಗಡಿಯಾರಗಳಿಗೂ ಒಂದು ಜಾಗ ಸಿಗಲಿ.

ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕಳೆದ ವಾರ ಪಕ್ಕದ ಬೀದಿಯ ಆ ಯುವಕ, ಬಿಳಿ ಬಿಂದುಗಳ ಗಡಿಯಾರವನ್ನು ಹಿಡಿದು ಅದೇ ಕೌಂಟರಿಗೆ ಮತ್ತೊಮ್ಮೆ ಹೋಗಿದ್ದ. ನಾನು ಹೇಳಿಕೊಟ್ಟಿದ್ದಂತೆ, ಸ್ಥಿತಿಯ ಕಾಲಂ ತುಂಬಿದ ಮೇಲಷ್ಟೇ ಸಹಿ ಹಾಕುತ್ತೇನೆ ಎಂದನಂತೆ. ಕೌಂಟರಿನ ಹುಡುಗ ಒಂದು ಕ್ಷಣ ತಡೆದು, ಪೆನ್ನು ತೆಗೆದು, ‘ಗಾಜು ಚೆನ್ನಾಗಿದೆ, ಬಿರುಕಿಲ್ಲ, ಎರಡು ಕಡೆ ಬಿಳಿ ಚುಕ್ಕೆ’ ಎಂದು ಕನ್ನಡದಲ್ಲೇ ಬರೆದು ಕೊಟ್ಟನಂತೆ. ಎರಡು ನಿಮಿಷವೂ ಹಿಡಿಯಲಿಲ್ಲವಂತೆ.

ಇತಿ,
ನಿವೃತ್ತ ಗಡಿಯಾರ ಕಾರ್ಖಾನೆ ನೌಕರ,
ತುಮಕೂರು